ಐದನೆಯವನ ಸೊಂಟದಳತೆ

ನಾನು ಕಣ್ಣು ಕೆಕ್ಕರಿಸಿದರೆ ಸಾಕು, ಸಮೀಕರಣದೊಳಗಿನ ಎಕ್ಸ್ ಕೈಮುಗಿದುಕೊಂಡು ಹೊರಗೆ ಬರುತ್ತಿತ್ತು. ಮೂವತ್ತು ವರ್ಷ ಗಣಿತದ ಮೇಷ್ಟ್ರಾಗಿದ್ದವನು ನಾನು. ನನ್ನಕ್ಕನೋ, ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು.

ಅವತ್ತು ಬೆಳಿಗ್ಗೆ ಅಕ್ಕನ ಮೊಮ್ಮಗಳು ಹೋಂವರ್ಕ್ ಹಿಡಿದು ಬಂದಳು. ಐದು ಹುಡುಗರ ಸೊಂಟದಳತೆಯ ಸರಾಸರಿ ಮೂವತ್ತು ಇಂಚು, ನಾಲ್ವರದು ಇಪ್ಪತ್ತಾರು, ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು, ಐದನೆಯವನದೆಷ್ಟು? ಹಿಂದಿನ ವಾರ ಶಾಲೆಯಲ್ಲಿ ಬೋರ್ಡಿನ ಮುಂದೆ ತಪ್ಪು ಮಾಡಿ ಅತ್ತಿದ್ದ ಮಗು, ಅವತ್ತು ಅಲ್ಲೇ ನಿಂತು ಇದನ್ನು ಬಿಡಿಸಬೇಕಿತ್ತು.

“ಮೂವತ್ತನ್ನ ಐದರಿಂದ ಗುಣಿಸು, ನೂರೈವತ್ತು. ಅದರಲ್ಲಿ ನಾಲ್ವರ ಮೊತ್ತ ಕಳಿ. ಎಕ್ಸ್ ನೂರಾ ಮೂವತ್ತನಾಲ್ಕು. ಬರ್ಕೋ!” ಎಂದೆ.

ಅಕ್ಕನ ಯಂತ್ರ ಗಕ್ಕನೆ ನಿಂತಿತು. “ಅಯ್ಯಯ್ಯೋ! ಅದೇನು ಹುಡುಗನೋ, ನೀರಿನ ಟ್ಯಾಂಕೋ?”

ನಾನು ದಂಗಾದೆ. ನೂರಾ ಹದಿನಾರರ ಬದಲು ಬರೀ ಹದಿನಾರು ಕಳೆದಿದ್ದೆ!

ಅಕ್ಕ ಟೇಪು ಹಿಡಿದಳು. “ನೋಡು ಪುಟ್ಟಿ, ಮೂವತ್ತಕ್ಕೆ ಮೊದಲನೆಯವನು ನಾಲ್ಕು ಕಮ್ಮಿ, ಎರಡನೆಯವನು ಎರಡು ಕಮ್ಮಿ. ಮೂರನೆಯವನು ಸರಿಸಮ, ನಾಲ್ಕನೆಯವನು ಎರಡು ಜಾಸ್ತಿ. ಇನ್ನೂ ನಾಲ್ಕು ಕೊರತೆ. ಅದನ್ನ ಐದನೆಯವನೇ ತುಂಬಬೇಕು. ಮೂವತ್ತನಾಲ್ಕು.”

ನಾನು ಬಾಯಿ ಬಿಟ್ಟು ನಿಂತ ಹೊತ್ತಿನಲ್ಲಿ ಗುಬ್ಬಿಯೊಂದು ಅದರೊಳಗೆ ಗೂಡು ಕಟ್ಟಿ ಮರಿ ಮಾಡಬಹುದಿತ್ತು. “ಅಕ್ಕಾ, ನಿಂಗೆ ಲೆಕ್ಕ ತಪ್ಪೋದೇ ಇಲ್ವಾ?”

“ನೀನು ತಪ್ಪಿದ್ರೆ ರಬ್ಬರ್ ಇದೆ ಕಣೋ. ಕತ್ತರಿಸಿದ ಬಟ್ಟೇನ ನಾನು ಯಾವ ರಬ್ಬರಲ್ಲಿ ಅಳಿಸ್ಲಿ?”