ಗಿರಣಿ ಗೋಡೆಯ ಮೇಲಿನ ಅರ್ಧ ಚಮಚ ಉಪ್ಪು

ಎಂಬತ್ತರ ದಶಕ ಅರ್ಧ ದಾಟಿತ್ತು. ಆಗ ನಾನು ಗುಲಬರ್ಗಾದಲ್ಲಿ ಅಂಚೆಯ ಮೂಲಕ ಪುಸ್ತಕ ಮಾರುವ ಒಂದು ಅಂಗಡಿಯ ಪ್ರಚಾರ ವಿಭಾಗದ ಮುಖ್ಯಸ್ಥ. ಹುದ್ದೆಯ ಹೆಸರು ಕೇಳಿ ದೊಡ್ಡದೇನೋ ಅಂದುಕೊಳ್ಳಬೇಡಿ, ಆ ವಿಭಾಗದಲ್ಲಿ ನಾನೊಬ್ಬನೇ ಇದ್ದೆ. ಅಂಗಡಿಯ ಮೆಟ್ಟಿಲು ಹತ್ತಿ ಬರುವ ಗಿರಾಕಿಗಳು ಕಡಿಮೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕಿನ ಹಳ್ಳಿಗಳಿಂದ ಕಾರ್ಡು ಬರುತ್ತಿತ್ತು, ನಾವು ಪುಸ್ತಕವನ್ನು ವಿ.ಪಿ.ಪಿ. ಮಾಡುತ್ತಿದ್ದೆವು. ಅಂದರೆ ಪೋಸ್ಟ್‌ಮನ್ ಮನೆ ಬಾಗಿಲಲ್ಲಿ ಕಟ್ಟು ಕೊಟ್ಟು, ಅದರ ಬೆಲೆ ವಸೂಲಿ ಮಾಡಿ ನಮಗೆ ಕಳಿಸುವ ಪದ್ಧತಿ. ಈಗ ಮೊಬೈಲಿನಲ್ಲಿ ಬೆರಳು ಒತ್ತಿ ಪುಸ್ತಕ ತರಿಸುವವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಆಗ ಹದಿನೈದು ದಿನ ಕಾಯಬೇಕಿತ್ತು, ಅಷ್ಟೇ.

ಯಾವ ಪುಸ್ತಕ ಬಂದಿದೆ ಎಂದು ಹಳ್ಳಿಯವರಿಗೆ ತಿಳಿಸಲು ತಿಂಗಳಿಗೊಂದು ಸುದ್ದಿಹಾಳೆ ಹೊರಡಿಸುತ್ತಿದ್ದೆವು. ಒಂದೇ ಮಗ್ಗುಲಿಗೆ ಅಚ್ಚಾದ ದೊಡ್ಡ ಹಾಳೆ. ಮೇಲಿನ ಅರ್ಧದಲ್ಲಿ ಹೊಸ ಪುಸ್ತಕಗಳ ಸುದ್ದಿ. ಕೆಳಗಿನ ಅರ್ಧದ ಬಗ್ಗೆ ನಮ್ಮ ಮಾಲಕರು ಗುರುಪಾದಪ್ಪನವರದು ಒಂದು ಹಟವಿತ್ತು. ಪುಸ್ತಕ ಕೊಳ್ಳಲಾಗದವರಿಗೂ ಆ ಹಾಳೆಯಿಂದ ಏನಾದರೂ ಸಿಗಬೇಕು ಎನ್ನುವುದು. ಹಾಗಾಗಿ ಯಾವುದಾದರೂ ಉಪಯುಕ್ತ ಪುಸ್ತಕದ ಒಂದು ವಿಷಯವನ್ನು ಆರಿಸಿ, ಸರಳ ಮಾಡಿ, ಚೌಕಟ್ಟು ಹಾಕಿ ಅಲ್ಲಿ ಅಚ್ಚು ಹಾಕುತ್ತಿದ್ದೆವು. ಆ ಸರಳ ಮಾಡುವ ಕೆಲಸ ನನ್ನದು, ಅದರ ಬಗ್ಗೆ ನನಗೆ ಜಂಬವೂ ಇತ್ತು.

ಹಾಳೆಗಳು ಶಾಲೆಗೆ, ವಾಚನಾಲಯಕ್ಕೆ ಹೋಗುತ್ತಿದ್ದವು. ಆದರೆ ಅವಕ್ಕೆ ನಿಜವಾದ ಓದುಗರು ಸಿಗುತ್ತಿದ್ದುದು ಹಿಟ್ಟಿನ ಗಿರಣಿಯಲ್ಲಿ. ಜೋಳದ ಬುಟ್ಟಿ ಸಾಲಿಗಿಟ್ಟು ಹೆಣ್ಣುಮಕ್ಕಳು ತಾಸುಗಟ್ಟಲೆ ಕಾಯುವ ಜಾಗ ಅದು. ಗಿರಣಿಯವರು ಹಾಳೆಯನ್ನು ಗೋಡೆಗೆ ಅಂಟಿಸುತ್ತಿದ್ದರು, ಓದು ಬಂದವರು ಬಾರದವರಿಗೆ ಓದಿ ಹೇಳುತ್ತಿದ್ದರು. ಮೂರೂ ತಾಲ್ಲೂಕು ಸೇರಿ ಅರವತ್ತನಾಲ್ಕು ಗಿರಣಿಗಳು ನಮ್ಮ ಪಟ್ಟಿಯಲ್ಲಿದ್ದವು.

ಆ ಬೇಸಿಗೆಯಲ್ಲಿ ಊರೂರಲ್ಲಿ ಮಕ್ಕಳಿಗೆ ವಾಂತಿ ಭೇದಿ. ಮನೆ ವೈದ್ಯದ ಹೊಸ ಪುಸ್ತಕವೊಂದು ಬಂದಿತ್ತು. ಅದರಲ್ಲಿ ಭೇದಿಯಾದ ಕೂಸಿಗೆ ಕುಡಿಸುವ ಉಪ್ಪು ಸಕ್ಕರೆಯ ನೀರಿನ ಅಳತೆ ಇತ್ತು: ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಅರ್ಧ ಸಣ್ಣ ಚಮಚ ಉಪ್ಪು, ಆರು ಸಣ್ಣ ಚಮಚ ಸಕ್ಕರೆ. ಹಳ್ಳಿಯ ಅಡುಗೆಮನೆಯಲ್ಲಿ ಲೀಟರ್ ಅಳೆಯುವವರು ಯಾರು ಎಂದು ನಾನು ನನ್ನ ಬುದ್ಧಿ ಓಡಿಸಿದೆ. ಲೀಟರ್ ತೆಗೆದು ‘ಒಂದು ಗ್ಲಾಸ್’ ಎಂದು ಬರೆದೆ. ಲೀಟರಿಗೆ ಐದು ಗ್ಲಾಸ್ ಆಗುತ್ತದೆ, ಹಾಗಾಗಿ ಉಪ್ಪು, ಸಕ್ಕರೆಯನ್ನೂ ಐದರಲ್ಲಿ ಒಂದು ಪಾಲಿಗೆ ಇಳಿಸಬೇಕಿತ್ತು. ಅಷ್ಟರಲ್ಲಿ ಪ್ರೆಸ್ಸಿನವರು ಬಂದು ಬಾಗಿಲಲ್ಲಿ ನಿಂತರು. ನಾನು ಗಡಿಬಿಡಿಯಲ್ಲಿ, ಉಪ್ಪು ಸಕ್ಕರೆಯ ಅಳತೆ ಹಾಗೇ ಬಿಟ್ಟು, ಹಾಳೆ ಕೊಟ್ಟು ಕಳಿಸಿದೆ.

ಸೋಮವಾರ ಹಾಳೆ ಅಂಚೆಗೆ ಬಿತ್ತು. ಶನಿವಾರ ಬೆಳಿಗ್ಗೆ ಮಾದನಹಿಪ್ಪರಗಾದಿಂದ ಒಂದು ಕಾರ್ಡು ಬಂತು. ಬರೆದವರು ಅಲ್ಲಿಯ ನರ್ಸ್ ಶಾಂತಾಬಾಯಿ. ಮೂರೇ ಸಾಲು: ‘ನೀವು ಬರೆದ ನೀರನ್ನು ಮಾಡಿ ನೀವೇ ಕುಡಿದು ನೋಡಿರಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಕೂಸಿಗೆ ಅಪಾಯ. ನಮ್ಮೂರ ಗಿರಣಿಯ ಹಾಳೆ ನಾನು ಹರಿದಿದ್ದೇನೆ, ಉಳಿದ ಊರುಗಳದು ನೀವು ನೋಡಿರಿ.’

ಚಹಾದಂಗಡಿಯಿಂದ ಉಪ್ಪು, ಸಕ್ಕರೆ ತರಿಸಿ ಒಂದು ಗ್ಲಾಸಿನಲ್ಲಿ ಕಲಸಿ ಬಾಯಿಗೆ ಹಾಕಿಕೊಂಡೆ. ಉಗುಳಿದೆ. ಆಗಲೂ ಮನಸ್ಸು ಹುಡುಕಿದ್ದು ತಪ್ಪಿಸಿಕೊಳ್ಳುವ ದಾರಿಯನ್ನೇ ಎಂದು ಒಪ್ಪಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಗುರುಪಾದಪ್ಪನವರ ಮುಂದೆ ಹೋಗಿ, ಮುಂದಿನ ತಿಂಗಳ ಹಾಳೆಯ ಮೂಲೆಯಲ್ಲಿ ಒಂದು ತಿದ್ದುಪಡಿ ಹಾಕಿಬಿಡೋಣ, ಎಲ್ಲ ಪತ್ರಿಕೆಯವರೂ ಹಾಗೇ ಮಾಡುತ್ತಾರೆ ಎಂದೆ.

ಅವರು ಕಾರ್ಡು ಓದಿದರು. ಗ್ಲಾಸಿನಲ್ಲಿ ಉಳಿದಿದ್ದನ್ನು ತಾವೂ ಒಂದು ಗುಟುಕು ಕುಡಿದರು.

“ಪಂಡಿತ್ರೇ, ಮುಂದಿನ ತಿಂಗಳ ಹಾಳಿ ಬರೂತನಕ ಕೂಸಿನ ಹೊಟ್ಟಿ ನಿಂದ್ರತದೇನ್ರಿ?” ಎಂದರು. ಸಿಟ್ಟು ಬಂದಾಗ ಮಾತ್ರ ಅವರು ನನ್ನನ್ನು ಪಂಡಿತ ಎನ್ನುತ್ತಿದ್ದರು.

ಮಧ್ಯಾಹ್ನದೊಳಗೆ ಸರಿ ಅಳತೆಯ ಹೊಸ ಹಾಳೆ ಕೆಂಪು ಮಸಿಯಲ್ಲಿ ಅಚ್ಚಾಯಿತು. ಶಾಲೆಗಳಿಗೆ ರಜೆ ಇತ್ತು. ಶಾಲೆ, ವಾಚನಾಲಯಗಳಿಗೆ ಹೊಸ ಹಾಳೆಯನ್ನು ಅಂಚೆಗೆ ಹಾಕಿ, ಗಿರಣಿಗಳಿಗೆ ನಾವೇ ಹೋಗುವುದೆಂದಾಯಿತು. ಅರವತ್ತು ದಾಟಿದ ಗುರುಪಾದಪ್ಪನವರು ಜೇವರ್ಗಿಯ ಹದಿನೆಂಟು ಗಿರಣಿಗಳನ್ನು ತಮಗೆ ಇಟ್ಟುಕೊಂಡರು. ಇಪ್ಪತ್ತು ವರ್ಷದಿಂದ ಕಟ್ಟು ಕಟ್ಟುತ್ತಿದ್ದ ಮಹಬೂಬ್ ಸಾಬರು ಅಫಜಲಪುರದ ಹತ್ತೊಂಬತ್ತಕ್ಕೆ ಹೊರಟರು. ಆಳಂದದ ಇಪ್ಪತ್ತೇಳು ನನ್ನ ಪಾಲಿಗೆ ಬಂದವು, ಅದರಲ್ಲಿ ಒಂದನ್ನು ಈಗಾಗಲೇ ಶಾಂತಾಬಾಯಿಯವರು ಮುಗಿಸಿದ್ದರು. ಅಂಗಡಿಗೆ ಬೀಗ ಬಿತ್ತು.

ಬಸ್ಸಿನಲ್ಲಿ ಕೂತರೆ ಕೂರಲಾಗದು. ಸೀಟು ಇದ್ದರೂ ಬಾಗಿಲ ಹತ್ತಿರ ನಿಂತೆ. ಆಳಂದದಲ್ಲಿ ಇಳಿದು ಬಾಡಿಗೆ ಸೈಕಲ್ ತೆಗೆದುಕೊಂಡೆ. ಗಿರಣಿಯೊಳಗೆ ನುಗ್ಗುವುದು, ಹಾಳೆ ಕೀಳುವುದು, ಮೈದಾ ಅಂಟು ಹಚ್ಚಿ ಕೆಂಪು ಹಾಳೆ ಅಂಟಿಸುವುದು, ಇದನ್ನು ನೋಡಿ ಯಾರಾದರೂ ನೀರು ಮಾಡಿದ್ದಾರೆಯೇ ಎಂದು ಕೂಗಿ ಕೇಳುವುದು. ಗಿರಣಿಯ ಸದ್ದಿನಲ್ಲಿ ಅವರಿಗೆ ಕೇಳದು, ಅವರು ಹೇಳಿದ್ದು ನನಗೆ ಕೇಳದು. ಒಂದೆಡೆ ನನ್ನ ಹಾಳೆಯ ಮೇಲೆ ಮದುವೆಯ ಕರಪತ್ರ ಅಂಟಿಸಿದ್ದರು. ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ, ಅವತ್ತು ಆ ಮದುಮಕ್ಕಳು ನೂರು ಕಾಲ ಬಾಳಲಿ ಎಂದು ಮನಸಾರೆ ಹರಸಿದೆ.

ಭಾನುವಾರ ಬೆಳಿಗ್ಗೆ ಕಿಣ್ಣಿ ಸುಲ್ತಾನಕ್ಕೆ ಬಂದೆ. ಗಿರಣಿ ಶರಣಪ್ಪನವರದು. ಗೋಡೆಯ ಮೇಲೆ ಹಾಳೆ ಇತ್ತು. ಹೊಸ ಪುಸ್ತಕಗಳ ಸುದ್ದಿ ಹಾಗೇ ಇತ್ತು, ಕೆಳಗಿನ ಚೌಕಟ್ಟು ಮಾತ್ರ ಇರಲಿಲ್ಲ. ಯಾರೋ ನೀಟಾಗಿ ಹರಿದುಕೊಂಡು ಹೋಗಿದ್ದರು.

“ಬಾನೂಬಿ ಒಯ್ದಾಳ್ರಿ, ಈಗ ಒಂದ್ ತಾಸ್ ಆಯ್ತು. ಮೊಮ್ಮಗಗ ನಿನ್ನೆಯಿಂದ ಭೇದಿ ಹತ್ಯಾವ,” ಎಂದರು ಶರಣಪ್ಪ.

ನನ್ನ ಮುಖ ನೋಡಿ ಅವರೇ ದಾರಿ ತೋರಿಸಲು ಓಡಿ ಬಂದರು. ಸಣ್ಣ ಮನೆ. ಬಾನೂಬಿಯ ಮಗಳು ಗೋಡೆಗೆ ಒರಗಿ ಒಂದು ವರ್ಷದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗಾಳಿ ಬೀಸುತ್ತಿದ್ದಳು. ಕೂಸಿನ ಕಣ್ಣು ಗುಳಿಬಿದ್ದಿದ್ದವು, ಅಳುವ ಶಕ್ತಿಯೂ ಇರಲಿಲ್ಲ. ಪಕ್ಕದಲ್ಲಿ ಸ್ಟೀಲಿನ ಗ್ಲಾಸು, ಅದರ ಕೆಳಗೆ ನನ್ನ ಚೌಕಟ್ಟು. ಬಾನೂಬಿ ಅರವತ್ತರ ಆಸುಪಾಸಿನ ಹೆಂಗಸು. ಚಮಚ ಕೈಯಲ್ಲೇ ಇತ್ತು.

“ಕುಡಿಸಬ್ಯಾಡ್ರಿ!” ಎಂದು ಕೂಗಿದೆ.

“ಎರಡು ಚಮಚ ಕುಡಿಸೀನಿ. ಎಲ್ಲ ಕಕ್ಕಿಬಿಟ್ಟ,” ಎಂದಳು. ಆಮೇಲೆ ಅವಳು ಹೇಳಿದ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. “ಮೊದಲ ನಾ ನಾಲಿಗಿಗಿ ಹಚ್ಚಿ ನೋಡಿದ್ನಿ ತಮ್ಮಾ. ಭಾಳ ಉಪ್ಪು ಅನಿಸ್ತು. ಆದ್ರ ಛಾಪಿಸಿದ್ದು ತಪ್ಪಿರ್ತದೇನು, ನನ್ನ ನಾಲಿಗಿನೇ ಕೆಟ್ಟಿರಬೇಕು ಅಂದ್ಕೊಂಡ್ನಿ.”

ಶರಣಪ್ಪ ಗಿರಣಿ ನಿಲ್ಲಿಸಿ ಫಟಫಟಿ ತಂದರು. ಅರ್ಧ ಬೀಸಿದ ಜೋಳ ಬಿಟ್ಟು ಎದ್ದು ಬಂದ ಹೆಣ್ಣುಮಕ್ಕಳು ಒಬ್ಬರೂ ಗೊಣಗಲಿಲ್ಲ. ತಾಯಿ ಕೂಸನ್ನು ಅವುಚಿಕೊಂಡು ಹಿಂದೆ ಕೂತಳು, ಮೋಟರ್ ಸೈಕಲ್ಲು ಆಳಂದದ ದವಾಖಾನೆಯ ಕಡೆ ಹೋಯಿತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಬಾನೂಬಿ ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ತಾನೇ ಹತ್ತಿ ಕೂತು, “ನಡೀರಿ,” ಎಂದಳು.

ಬಿಸಿಲು ಏರಿತ್ತು. ಏರು ಬಂದಲ್ಲಿ ಇಬ್ಬರೂ ಇಳಿದು ನಡೆದೆವು. ಅಂಥ ಒಂದು ಏರಿನಲ್ಲಿ ಅವಳು ಕೇಳಿದಳು: “ಆ ಹಾಳಿ ಬರದವರು ಯಾರು?”

ಕಂಪನಿ ಎನ್ನಬಹುದಿತ್ತು, ಪ್ರೆಸ್ಸಿನವರು ಎನ್ನಬಹುದಿತ್ತು. “ನಾನ ಬರದೀನ್ರಿ,” ಎಂದೆ.

ಅವಳು ಸೆರಗಿನಿಂದ ಬೆವರು ಒರೆಸಿಕೊಂಡಳು. “ನಿಮಗ ಮಕ್ಕಳದಾವೇನು?”

“ಒಬ್ಬಾಕಿ ಮಗಳದಾಳ್ರಿ.”

“ಅಕಿಗಿ ಇದ ನೀರು ಕುಡಿಸ್ತಿದ್ರೇನು?”

ನಾನು ಸೈಕಲ್ ತಳ್ಳುತ್ತ ಮುಖ ತಿರುಗಿಸಿದೆ. ನಾನು ಅತ್ತಿದ್ದು ಅವಳಿಗೆ ಕಂಡಿತೋ ಇಲ್ಲವೋ ಗೊತ್ತಿಲ್ಲ. ಏರು ಮುಗಿದ ಮೇಲೆ ಅವಳು ಮತ್ತೆ ಹತ್ತಿ ಕೂತು, “ಜಲ್ದಿ ತುಳೀರಿ,” ಎಂದಳು. ಬೇರೆ ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ದಾರಿಯುದ್ದಕ್ಕೂ ಅನಿಸುತ್ತಿತ್ತು.

ನಾವು ತಲುಪುವ ಹೊತ್ತಿಗೆ ಕೂಸಿಗೆ ಗ್ಲೂಕೋಸ್ ಹಚ್ಚಿದ್ದರು. ಆ ನೀರನ್ನು ಕಕ್ಕಿದ್ದೇ ಒಳ್ಳೆಯದಾಯಿತು, ಹೊಟ್ಟೆಗೆ ಇಳಿದಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮೂತ್ರ ಹೋಗುವವರೆಗೂ ಏನೂ ಹೇಳಲಾಗದು ಎಂದೂ ಸೇರಿಸಿದರು. ನನ್ನ ಚೀಲದಲ್ಲಿ ಇನ್ನೂ ಒಂಬತ್ತು ಊರಿನ ಹಾಳೆಗಳಿದ್ದವು. ಅಲ್ಲಿ ನಿಲ್ಲುವಂತಿಲ್ಲ, ಕೂಸನ್ನು ಬಿಟ್ಟು ಹೋಗುವಂತೆಯೂ ಇಲ್ಲ. ಬಾನೂಬಿಯೇ ನನ್ನ ಚೀಲ ಎತ್ತಿ ಕೈಗೆ ಕೊಟ್ಟಳು. “ಅಲ್ಲೂ ಕೂಸುಗಳದಾವ. ಹೋಗ್ರಿ,” ಎಂದಳು.

ಹೋದೆ. ಒಂಬತ್ತೂ ಮುಗಿಸಿ ಸಂಜೆ ದವಾಖಾನೆಗೆ ಓಡಿ ಬಂದಾಗ ತಾಯಿಯ ಸೀರೆ ಒದ್ದೆಯಾಗಿತ್ತು. ಅವಳು ಅದನ್ನು ಒರೆಸಿಕೊಳ್ಳದೆ ನಗುತ್ತ ಕೂತಿದ್ದಳು. ಕೂಸು ಕರ್ಕಶವಾಗಿ ಅಳುತ್ತಿತ್ತು. ಅಷ್ಟು ಇಂಪಾದ ಅಳುವನ್ನು ನಾನು ನನ್ನ ಮಗಳಿಂದಲೂ ಕೇಳಿರಲಿಲ್ಲ.

ಮಹಬೂಬ್ ಸಾಬರು ಹತ್ತೊಂಬತ್ತೂ ಗಿರಣಿ ಮುಗಿಸಿ ಬಂದರು. ಗುರುಪಾದಪ್ಪನವರು ಮಾತ್ರ ಮಂಗಳವಾರ ಬಂದರು. ಒಂದು ಗಿರಣಿಯವರು ಬೀಗ ಹಾಕಿ ಬೀಗರೂರಿಗೆ ಹೋಗಿದ್ದರಂತೆ. ಬಾಗಿಲು ತೆರೆಯುವವರೆಗೂ ಇವರು ಆ ಕಟ್ಟೆಯ ಮೇಲೆ ಕಾದು ಕೂತಿದ್ದರು. ಯಾವ ಊರಿನಿಂದಲೂ ಕೆಟ್ಟ ಸುದ್ದಿ ಬರಲಿಲ್ಲ. ಮುಂದಿನ ಹಾಳೆಯಲ್ಲಿ ಅವರು ಹೊಸ ಪುಸ್ತಕದ ಸುದ್ದಿಯನ್ನೆಲ್ಲ ತೆಗೆಸಿದರು. ಮೇಲಿನ ಅರ್ಧದಲ್ಲಿ ದಪ್ಪ ಅಕ್ಷರದಲ್ಲಿ ‘ನಮ್ಮ ತಪ್ಪು’ ಎಂದು ಹಾಕಿಸಿ, ಏನಾಯಿತು ಎಂಬುದನ್ನು ನನ್ನ ಕೈಯಿಂದಲೇ ಬರೆಸಿದರು. ಕೆಳಗಿನ ಅರ್ಧದಲ್ಲಿ ಸರಿಯಾದ ಅಳತೆ, ಲೀಟರ್ ಲೆಕ್ಕದಲ್ಲೇ, ಐದು ಗ್ಲಾಸಿನ ಚಿತ್ರದೊಂದಿಗೆ ಬಂತು.

ಪುಸ್ತಕ ಮಾರುವವರು ಓದುಗರ ನಂಬಿಕೆಯ ಬಗ್ಗೆ ಸಭೆಗಳಲ್ಲಿ ಬಹಳ ಮಾತಾಡುತ್ತಾರೆ. ನಾನೂ ಮಾತಾಡಿದ್ದೇನೆ. ಆ ನಂಬಿಕೆ ಎಷ್ಟು ಹೆದರಿಕೆ ಹುಟ್ಟಿಸುವಂಥದ್ದು ಎಂದು ನನಗೆ ಗೊತ್ತಾದದ್ದು ಕಿಣ್ಣಿ ಸುಲ್ತಾನದಲ್ಲಿ. ಬದುಕಿಡೀ ಅಡುಗೆ ಮಾಡಿದ ನಾಲಿಗೆಯೊಂದು ನನ್ನ ಅಚ್ಚಿನ ಅಕ್ಷರದ ಮುಂದೆ ತನ್ನನ್ನೇ ಸುಳ್ಳು ಮಾಡಿಕೊಂಡಿತ್ತು. ಆಮೇಲೆ ನಿವೃತ್ತಿಯವರೆಗೂ, ಯಾರೂ ಮಾಡಿ ನೋಡದ ಒಂದು ಸಾಲನ್ನೂ ನಾನು ಆ ಚೌಕಟ್ಟಿನೊಳಗೆ ಬಿಡಲಿಲ್ಲ.

‘ನಮ್ಮ ತಪ್ಪು’ ಎಂಬ ಆ ಹಾಳೆಯನ್ನು ಕಿಣ್ಣಿ ಸುಲ್ತಾನಕ್ಕೆ ಅಂಚೆಯಲ್ಲಿ ಕಳಿಸಲಿಲ್ಲ, ನಾನೇ ಒಯ್ದೆ. ಬಾನೂಬಿ ಗಿರಣಿಯ ಸಾಲಿನಲ್ಲಿ ಕೂತಿದ್ದಳು. ಮೊಮ್ಮಗ ಅವಳ ಸೆರಗು ಜಗ್ಗುತ್ತಿದ್ದ. ಶರಣಪ್ಪ ಅಂಟು ಹಚ್ಚಲು ಹೋದಾಗ ಅವಳು ಕೈ ಅಡ್ಡ ಹಿಡಿದಳು.

“ನೀವು ಕುಡದು ನೋಡೀರೇನು?” ಎಂದು ನನ್ನನ್ನು ಕೇಳಿದಳು.

ಶರಣಪ್ಪನವರ ಮನೆಯಿಂದ ಆರಿಸಿದ ನೀರು, ಉಪ್ಪು, ಸಕ್ಕರೆ ಬಂತು. ಎಲ್ಲರ ಮುಂದೆ ಅಳತೆ ಮಾಡಿ ಕಲಸಿದೆ. ಒಂದು ಗ್ಲಾಸು ಪೂರ್ತಿ ಕುಡಿದೆ. ಎರಡನೆಯದನ್ನು ಬಾನೂಬಿ ತೆಗೆದುಕೊಂಡು, ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಯೋಚಿಸಿದಳು. ಆಮೇಲೆ ನುಂಗಿ, ಶರಣಪ್ಪನವರ ಕಡೆ ತಿರುಗಿದಳು.

“ಈಗ ಹಚ್ಚು,” ಎಂದಳು.