ಅರ್ಲೀನ್ ನಡೆಸಿದ ಹನ್ನೊಂದು ಮೈಲಿ ರೈಲು

ಕಾನ್ಸಸ್ಸಿನ ನಮ್ಮೂರು ಹಾರ್ವೆಲ್‌ಗೆ ಬರುತ್ತಿದ್ದ ಗೂಡ್ಸ್ ರೈಲನ್ನು ದೊಡ್ಡ ರೈಲ್ವೆ ಕಂಪನಿ ಎಂಬತ್ತರ ದಶಕದಲ್ಲಿ ನಿಲ್ಲಿಸಿತು. ಹನ್ನೊಂದು ಮೈಲಿ ಹಳಿ ಕಿತ್ತು ಗುಜರಿಗೆ ಹಾಕುವುದೊಂದು ಬಾಕಿಯಿತ್ತು. ಆಗ ಗೋಧಿ ಗೋದಾಮು ನೋಡಿಕೊಳ್ಳುತ್ತಿದ್ದ ವಿಧವೆ ಅರ್ಲೀನ್ ಶ್ಮಿಟ್ಕೆ ರೈತರನ್ನು ಚರ್ಚಿನಲ್ಲಿ ಸೇರಿಸಿ, "ಹಳಿ ನಾವೇ ಕೊಂಡ್ಕೊಳ್ಳೋಣ" ಎಂದಳು.

ರೈತರು ಒಪ್ಪಿ ದುಡ್ಡು ಕೂಡಿಸಿದರು. ಆದರೆ ಗೋಧಿ ಸಾಗಿಸಿದ ಬಾಡಿಗೆಯೊಂದರಿಂದಲೇ ಖರ್ಚು ಹುಟ್ಟದು; ಇಟ್ಟಿಗೆ ಕಾರ್ಖಾನೆಯ ಮಾಲೀಕ ಎಮೆಟ್ ಕೂಡ ಸರಕು ಕಳಿಸದೆ ರೈಲು ಹೆಚ್ಚು ಕಾಲ ನಡೆಯುವಂತಿರಲಿಲ್ಲ. ಎಮೆಟ್ ಅವಳ ಗಂಡನ ಅಣ್ಣ. ಜಮೀನು ಪಾಲಾದಾಗಿನಿಂದ ಇಬ್ಬರಿಗೂ ಮಾತಿಲ್ಲ. ಅರ್ಲೀನ್ ಅವನ ಬಾಗಿಲಿಗೇ ಹೋದಳು.

"ಏನು, ಈ ವಯಸ್ಸಲ್ಲಿ ರೈಲಾಟ ಆಡೋಕೆ ಹೊರಟಿದ್ಯಾ?" ಎಂದ ಎಮೆಟ್.

"ಹೂಂ. ನೀನೂ ಬಾ, ಸೀಟಿ ಊದುವಿಯಂತೆ."

ಅವನು ಬಾಗಿಲು ಹಾಕಿಕೊಂಡ.

ಅವನಿಲ್ಲದೆಯೇ ಅವಳು ಹಳೆಯ ಎಂಜಿನ್ ಒಂದನ್ನು ತಂದು, ನಿವೃತ್ತ ಡ್ರೈವರ್ ಓರಿನ್‌ನನ್ನು ಕರೆದಳು. ಮೊದಲ ದಿನ ಊರೆಲ್ಲ ನೋಡಲು ನಿಂತಿತ್ತು. ಹಳ್ಳದ ತಿರುವಿನಲ್ಲಿ ಹಳಿಯಡಿಯ ಕೊಳೆತ ಮರದ ದಿಮ್ಮಿಗಳು, ಅಂದರೆ ಸ್ಲೀಪರುಗಳು, ಕುಸಿದು ಎಂಜಿನ್ ಹಳಿ ತಪ್ಪಿ ವಾಲಿತು. ಯಾರಿಗೂ ಪೆಟ್ಟಾಗಲಿಲ್ಲ. ಕೆಲವರು ನಕ್ಕರು. ಅರ್ಲೀನ್ ಮಣ್ಣಿನ ದಿಬ್ಬದ ಮೇಲೆ ಕೂತುಬಿಟ್ಟಳು. ಅವಳು ಅತ್ತದ್ದನ್ನು ನಾವು ಕಂಡದ್ದು ಅದೊಂದೇ ಸಲ.

ಸಂಜೆಯ ಹೊತ್ತಿಗೆ ಎಮೆಟ್ ಕಾರ್ಖಾನೆಯ ಕ್ರೇನ್ ತೆಗೆದುಕೊಂಡು ಬಂದ.

"ನಿನಗೋಸ್ಕರ ಬಂದಿಲ್ಲ," ಎಂದ. "ಒಳ್ಳೆ ಎಂಜಿನ್ನು, ಹಾಳಾಗ್ಬಾರ್ದು."

"ಕೇಳಿದ್ನಾ ನಾನು? ಮೊದ್ಲು ಸರಪಳಿ ಕಟ್ಟು."

ಎಂಜಿನ್ ಎದ್ದಿತು. ಆ ಚಳಿಗಾಲವಿಡೀ ಅರ್ಲೀನ್ ರೈತರ ಜೊತೆ ನಿಂತು ಸ್ಲೀಪರುಗಳನ್ನು ಬದಲಾಯಿಸಿದಳು. ಅವಳ ಅಂಗೈ ಬಡಗಿಯ ಅಂಗೈಯಂತಾಯಿತು. ವಸಂತದಲ್ಲಿ ರೈಲು ಮತ್ತೆ ಹೊರಟಾಗ ಗೋಧಿಯ ಹಿಂದೆ ಇಟ್ಟಿಗೆ ತುಂಬಿದ ಎರಡು ವ್ಯಾಗನ್‌ಗಳಿದ್ದವು. ಕಳಿಸುತ್ತೇನೆಂದು ಎಮೆಟ್ ಯಾರಿಗೂ ಹೇಳಿರಲಿಲ್ಲ.

ವಯಸ್ಸಾಗಿ ಮೊಣಕಾಲು ಸೋಲುವವರೆಗೂ ಅರ್ಲೀನ್ ಆ ಲೈನನ್ನು ನಡೆಸಿದಳು. ಎಮೆಟ್ ತೀರಿಕೊಂಡ ಮೇಲೆ ಇಟ್ಟಿಗೆ ಕಾರ್ಖಾನೆ ಮುಚ್ಚಿತು, ಅದರ ಜಾಗದಲ್ಲಿ ಗೊಬ್ಬರದ ಉಗ್ರಾಣ ಬಂತು. ರೈಲು ಈಗ ಅಲ್ಲಿಗೂ ಹೋಗುತ್ತದೆ. ಎಮೆಟ್ ಬದುಕಿದ್ದಷ್ಟು ದಿನವೂ ಇಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡಲಿಲ್ಲ. ವ್ಯಾಗನ್ ಯಾವಾಗ ಬರುತ್ತೆ, ಯಾಕೆ ತಡವಾಯ್ತು ಎಂದು ಫೋನಿನಲ್ಲಿ ಮಾತ್ರ ದಿನವೂ ಜಗಳವಾಡುತ್ತಿದ್ದರು.