ಒರೆಸಿ ನೋಡಿದ ನೀರುಗಿಡ

ಗಡಿಯಾರ ರಿಪೇರಿಯ ಅಂಗಡಿ ಮುಚ್ಚಿ ವರ್ಷಗಳಾದರೂ ಗಡಿಯಾರದಜ್ಜನ ಜೇಬಿನಿಂದ ಭೂತಗನ್ನಡಿ ಇಳಿದಿರಲಿಲ್ಲ. ಲೈಬ್ರರಿಯನ್ನೇ ಅರೆದು ಕುಡಿದವನೆಂಬ ಜಂಬ ಬೇರೆ. ಹಾಗಾಗಿ ಅಂದು ಬೆಳಿಗ್ಗೆ ಕೊಳದ ಕಾವಲುಗಾರ ನೀರೊಳಗಿನ ಗಿಡದ ಎಳೆಯೊಂದನ್ನು ತಂದಾಗ ಅಜ್ಜನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಅಜ್ಜಾ, ಇದು ನಮ್ಮ ನೀರಿಂದೇ ಗಿಡವೋ, ಹೊರಗಿಂದ ಬಂದು ಕೊಳ ನುಂಗೋ ಕಳೆಯೋ? ಕೀಳೋರು ದೋಣಿ ಹತ್ತಿ ಕೂತಿದಾರೆ. ನಮ್ಮದಾದ್ರೆ ಕೀಳಬಾರದು, ಮೀನುಮರಿ ಅದರಲ್ಲೇ ಅಡಗಿರೋದು."

ಕಳೆಯ ಎಲೆಯಂಚಿಗೆ ಗರಗಸದ ಹಲ್ಲು, ನಮ್ಮದಕ್ಕೆ ನುಣುಪು ಅಂಚು ಎಂದು ಅಜ್ಜ ಓದಿಕೊಂಡಿದ್ದ. ಕಸುಬಿನ ಮೊದಲ ಪಾಠದಂತೆ ಎಳೆಯನ್ನು ಬಟ್ಟೆಯಿಂದ ಒತ್ತಿ ಒರೆಸಿ, ಊದಿ ಆರಿಸಿ, ಕಣ್ಣಿಗೆ ಗಾಜು ಸಿಕ್ಕಿಸಿದ. ಹಲ್ಲೇ ಹಲ್ಲು!

"ಕಳೆನೇ, ಅಂಚಿನ ತುಂಬಾ ಹಲ್ಲು. ಕಿತ್ತು ಬಿಸಾಕಿ!"

ಕಾವಲುಗಾರ ಓಡಿದ. ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದ ಅಜ್ಜಿ ಬಂದು ಮೇಜಿನ ಮೇಲಿದ್ದ ಎಳೆಯನ್ನು ನೀರು ತುಂಬಿದ ಬಿಳಿ ತಟ್ಟೆಗೆ ಹಾಕಿದಳು. ಮುದುಡಿದ್ದ ಎಲೆಗಳು ಹಾಯಾಗಿ ಬಿಚ್ಚಿಕೊಂಡವು.

"ರೀ, ಎಲ್ರೀ ಹಲ್ಲು?"

"ನನ್ನವು ಲೋಟದಲ್ಲಿವೆ."

"ನಿಮ್ಮವಲ್ಲ, ಇದರವು!"

ಅಜ್ಜ ಬಗ್ಗಿ ನೋಡಿದ. ಎಲೆಯಂಚು ಕೂಸಿನ ಒಸಡಿನಷ್ಟು ನುಣುಪು. ಒಣಗಿ ಸುಕ್ಕಾದದ್ದನ್ನೇ ಹಲ್ಲೆಂದು ಬಗೆದಿದ್ದ ಮಹಾಪಂಡಿತ! ಜೀವಮಾನವಿಡೀ ಹಲ್ಲುಚಕ್ರ ನೋಡಿದ ಕಣ್ಣಿಗೆ ಮತ್ತೇನು ಕಂಡೀತು? ನೀರಿನ ಗಿಡವನ್ನು ನೀರಲ್ಲೇ ನೋಡಬೇಕೆಂದು ಆ ಮೆದುಳಿಗೆ ಹೊಳೆದಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯದು, ಕೊಳ ಮಾತ್ರ ಬೋಳಾಗುತ್ತದೆ.

"ಮೀಸೆ ಉಳಿಸ್ಕೋತೀರೋ, ಮೀನು ಉಳಿಸ್ತೀರೋ?" ಎಂದಳು ಅಜ್ಜಿ.

ಅಜ್ಜ ತಟ್ಟೆ ಹಿಡಿದು, ಕಾಲಿಗೊಂದು ಜಾತಿಯ ಚಪ್ಪಲಿ ಮೆಟ್ಟಿ, ಅಂಗಿಯೆಲ್ಲ ನೀರು ತುಳುಕಿಸಿಕೊಂಡು ಓಡಿದ. ದಡದಲ್ಲಿ ಆಗಲೇ ಒಂದು ಗುಡ್ಡೆ ಬಿದ್ದಿತ್ತು.

"ನಿಲ್ಸ್ರಪ್ಪಾ! ಇದು ನಮ್ಮದೇ ಗಿಡ!"

"ಈಗ ತಾನೇ ಕಳೆ ಅಂದ್ರಲ್ಲ ಅಜ್ಜಾ, ಗಾಜು ಹಾಕ್ಕೊಂಡು?" ಎಂದ ಕಾವಲುಗಾರ.

"ಗಾಜು ಸರಿಯಾಗೇ ಇತ್ತು ಮಾರಾಯ. ಅದರ ಹಿಂದಿದ್ದ ತಲೆ ರಿಪೇರಿಗೆ ಬಂದಿದೆ. ಈ ತಟ್ಟೆಯಲ್ಲಿ ನೀನೇ ನೋಡು."

ಕಾವಲುಗಾರ ನೋಡಿದ, ಎಲೆಯಂಚನ್ನು ಬೆರಳಲ್ಲಿ ಸವರಿದ, ಕೈಯೆತ್ತಿ ದೋಣಿ ನಿಲ್ಲಿಸಿದ. ಆಮೇಲೆ ಗುಡ್ಡೆಯತ್ತ ಕಣ್ಣು ಹಾಯಿಸಿ, "ಕಿತ್ತದ್ದು?" ಎಂದ.

ಅಜ್ಜ ಪ್ಯಾಂಟು ಮಡಚಿ ನೀರಿಗಿಳಿದ. ಒಂದೊಂದೇ ಎಳೆಯನ್ನು ಕೆಸರಿಗೆ ಚುಚ್ಚುತ್ತ ಹೋದ. ಹಿಂದೆಯೇ ಬಂದಿದ್ದ ಅಜ್ಜಿ ದಡದಿಂದ ಕೂಗಿದಳು:

"ಒರೆಸಿ ನೆಡಬೇಡಿ, ಮತ್ತೆ!"